ಕಪ್ಪತಗುಡ್ಡದ ಪುಸ್ತಕದಲ್ಲಿ ಕಾಣದೇ ಹೋದ ಕೆಂಪು

ಗದಗ, ೧೧ ಸೆಪ್ಟೆಂಬರ್ ೨೧೭೩

ಎರಡು ಶಾಯಿಯ ಜೋಡಣೆಯನ್ನು ಬರೆದವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಯೋಚಿಸಲೂ ಹೋಗಿಲ್ಲ. ನನ್ನ ಮಾತು ನಿಮಗೆ ಕೆಲವು ಕಡೆ ವಿಚಿತ್ರವಾಗಿ, ಕೆಲವು ಕಡೆ ಒರಟಾಗಿ ಕೇಳಿಸಬಹುದು. ವಿಚಿತ್ರಕ್ಕೆ ಕ್ಷಮೆ ಕೇಳುತ್ತೇನೆ. ಒರಟಿಗೆ ಕೇಳುವುದಿಲ್ಲ.

ನಾನು ಗದಗಿನಲ್ಲಿ ಮುದ್ರಣಾಲಯ ನಡೆಸುವವಳು. ನಮ್ಮ ಕಾಲದಲ್ಲಿ ಅಚ್ಚೆಂದರೆ ಇಬ್ಬಣ್ಣ. ದೀಪದ ಮಸಿಯಿಂದ ಕಪ್ಪು ಶಾಯಿ, ಕೆಮ್ಮಣ್ಣಿನಿಂದ ಕೆಂಪು ಶಾಯಿ. ಬೇರೆ ಶಾಯಿ ಮಾಡುವವರು ಈ ಸೀಮೆಯಲ್ಲಿ ಉಳಿದಿಲ್ಲ. ಹಾಳೆ ಯಂತ್ರದೊಳಗೆ ಎರಡು ಸಲ ಹೋಗಿ ಬರುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ಫಲಕ. ವಿದ್ಯುತ್ತು ಸಿಗುವುದು ಬಿಸಿಲುಪಾಳಿಯಲ್ಲಿ ಮಾತ್ರ, ಅಂದರೆ ನಮ್ಮ ಓಣಿಯ ಸರದಿ ಬಂದ ದಿನ ಮಧ್ಯಾಹ್ನ ಮೂರು ತಾಸು. ಪಂಚಾಯ್ತಿಯ ಸೂಚನೆ, ಶಾಲೆಯ ಪಾಠ, ಔಷಧದ ಚೀಟಿ ಎಲ್ಲವೂ ಆ ಮೂರು ತಾಸಿನಲ್ಲಿ ಅಚ್ಚಾಗಬೇಕು. ಪರದೆ ನೋಡಿ ಓದುವವರು ಈಗ ಕಡಿಮೆ. ನಿಮ್ಮ ಕಾಲದ ಗಣಕವೊಂದನ್ನು ಮಾತ್ರ ಮಗುವಿನಂತೆ ಕಾಪಾಡಿಕೊಂಡು ಬಂದಿದ್ದೇವೆ, ಏಕೆಂದರೆ ನಿಮ್ಮವರು ಮಾಡಿಟ್ಟ ಎರಡು ಶಾಯಿಯ ಪುಸ್ತಕಗಳು ಅದರೊಳಗಿವೆ. ಅವುಗಳಲ್ಲೊಂದು ಕಪ್ಪತಗುಡ್ಡದ ಸೊಪ್ಪು, ಗೆಡ್ಡೆಗಳ ಪುಸ್ತಕ. ಎಣಗಿ ಎಂಬ ಚಿತ್ರಕಾರರು ಅದನ್ನು ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಡಿದ್ದರು. ಚಿತ್ರವನ್ನು ಎರಡು ಶಾಯಿಗೆ ಬೇರ್ಪಡಿಸಲು ಅದಕ್ಕೆ ನಿಮ್ಮ ಜೋಡಣೆಯನ್ನು ಹಾಕಿಕೊಂಡಿದ್ದರು. ನೀವು ಅದನ್ನು ಪ್ಲಗಿನ್ ಎನ್ನುತ್ತಿದ್ದಿರಿ. ಗಿಡಗಳೆಲ್ಲ ಕಪ್ಪಿನಲ್ಲಿ, ವಿಷದ್ದರ ಮೇಲೆ ಕೆಂಪು ಗೀಟು. ಕೆಂಪು ಇರುವುದನ್ನು ತಿನ್ನಬೇಡಿ ಎಂಬ ಸಾಲನ್ನೂ ಅವರು ಕೆಂಪಿನಲ್ಲೇ ಬರೆದಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಹೋದ ವರ್ಷ ಊರ ಉಗ್ರಾಣಕ್ಕೆ ಹುಳು ಬಿದ್ದು ಜೋಳವೆಲ್ಲ ಹಿಟ್ಟಾಯಿತು. ಜನ ಗೆಡ್ಡೆ ಹುಡುಕಿಕೊಂಡು ಗುಡ್ಡ ಹತ್ತಿದರು. ಪಂಚಾಯ್ತಿಯವರು ಆ ಪುಸ್ತಕದ ಮುನ್ನೂರು ಪ್ರತಿ ಬೇಕೆಂದರು. ಕಡತ ಸಲೀಸಾಗಿ ತೆರೆಯಿತು. ಕಪ್ಪು ಫಲಕ ಬಂತು. ಕೆಂಪಿನ ಫಲಕ ಖಾಲಿ. ಪರದೆಯ ಮೇಲೆ ಒಂದು ಎಚ್ಚರಿಕೆಯಿಲ್ಲ, ಒಂದು ಅಕ್ಷರವಿಲ್ಲ.

ಯಂತ್ರ ನಡೆಸುವ ರಾಜೇಸಾಬನಿಗೆ ಸಂಶಯ ಬಂತು. "ಅಕ್ಕಾರ, ಕಡತದ ಹೆಸರಿನ್ಯಾಗ ಎರಡು ಶಾಯಿ ಅಂತ ಐತಿ. ಕೆಂಪು ಎಲ್ಲೈತ್ರಿ?"

"ಇದ್ದಷ್ಟ ಅಚ್ಚು ಹೊಡಿ. ಪಾಳಿ ಮುಗಿಯಾಕ ಬಂತು," ಎಂದೆ.

ನನ್ನ ಅಕ್ಕ ನಿಂಬೆವ್ವ ಗುಡ್ಡದ ಕೆಳಗಿನ ಊರಿನಲ್ಲಿ ಶಾಲೆ ನಡೆಸುತ್ತಿದ್ದಳು. ಮೊದಲ ಪ್ರತಿಯನ್ನು ಅವಳಿಗೆ ನಾನೇ ಕೊಟ್ಟೆ. ಅವಳು ಹದಿನಾರನೇ ಪುಟ ನೋಡಿ ಅಗ್ನಿಶಿಖೆಯ ಗೆಡ್ಡೆ ಅಗೆದು ತಂದು, ಇಪ್ಪತ್ತೆರಡು ಮಕ್ಕಳಿಗೆಂದು ಗಡಿಗೆಯಲ್ಲಿ ಬೇಯಿಸಿದಳು. ಹೊಸ ತಿನಿಸನ್ನು ತಾನು ತಿಂದು ಒಂದು ದಿನ ಕಾಯದೆ ಮಕ್ಕಳಿಗೆ ಬಡಿಸುವ ಹೆಂಗಸಲ್ಲ ಅವಳು. ಅಂದೂ ತಾನೇ ತಿಂದಳು. ಸಂಜೆಗೆ ವಾಂತಿ ಶುರುವಾಯಿತು. ನೆಲ ಹಿಡಿದು ಕೂತಲ್ಲಿಂದಲೇ ಅಡುಗೆಯಾಕೆಗೆ, "ಮಕ್ಕಳ ಗಂಗಾಳಕ್ಕ ಹಾಕಬ್ಯಾಡ. ಗಡಿಗಿ ಸಮೇತ ಹುಗಿ," ಎಂದಳಂತೆ. ನಾನು ಹೋದಾಗ ಮೂರನೇ ದಿನ. ಅವಳಿಗೆ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಪುಸ್ತಕದಾಗ ಇತ್ತಲ್ಲ, ಬನೀ?" ಎಂದು ಕೇಳಿದಳು. ನಾಲ್ಕನೇ ದಿನ ತೀರಿಕೊಂಡಳು.

ಅಷ್ಟರಲ್ಲಿ ರಾಜೇಸಾಬ ಸೈಕಲ್ ಹತ್ತಿ ಮನೆಮನೆಗೂ ಹೋಗಿ ಪ್ರತಿಗಳನ್ನು ವಾಪಸು ತಂದಿದ್ದ. ಒಬ್ಬ ನಾಟಿ ವೈದ್ಯರ ಪೆಟ್ಟಿಗೆಯಲ್ಲಿ ಅವನಿಗೆ ಎಣಗಿಯವರ ಕಾಲದಲ್ಲೇ ಅಚ್ಚಾದ ಪ್ರತಿಯೊಂದು ಸಿಕ್ಕಿತು. ಹದಿನಾರನೇ ಪುಟದ ಗೆಡ್ಡೆಯ ಮೇಲೆ ಮಾಸಿದ ಕೆಂಪು ಗೀಟು. ಗಣಕ ಬಲ್ಲ ಹೆಂಗಸೊಬ್ಬಳನ್ನು ಹುಬ್ಬಳ್ಳಿಯಿಂದ ಕರೆಸಿದೆ. ಎರಡು ಬಿಸಿಲುಪಾಳಿ ಕಡತದ ಮುಂದೆ ಕೂತು ಅವಳು ಹೇಳಿದಳು: "ಕೆಂಪು ಎಲ್ಲೂ ಹೋಗಿಲ್ರಿ. ಪೂರಾ ಒಳಗ ಐತಿ. ಈ ಜೋಡಣೆ ತನ್ನ ಕಂಪನಿಯವರನ್ನ ಪರವಾನಗಿ ಕೇಳಿ, ಅವರು ಹೂಂ ಅಂದ್ರಷ್ಟ ತೋರಸ್ತೈತಿ. ಆ ಕಂಪನಿ ಮುಚ್ಚಿ ನೂರಾ ಮೂವತ್ತು ವರ್ಷ ಆತು."

ಅಂದಿನಿಂದ ನನ್ನ ಸಿಟ್ಟು ಇಳಿದಿಲ್ಲ. ನೀವು ಕಡತವನ್ನೇ ತೆರೆಯಗೊಡದಿದ್ದರೆ ನಾನು ಬೈದುಕೊಂಡು ಬೇರೆ ದಾರಿ ಹುಡುಕುತ್ತಿದ್ದೆ. ಪರವಾನಗಿ ಇಲ್ಲ, ಎರಡನೇ ಬಣ್ಣ ಕೊಡುವುದಿಲ್ಲ ಎಂದು ಒಂದು ಸಾಲು ತೋರಿಸಿದ್ದರೆ ಯಂತ್ರ ನಿಲ್ಲಿಸುತ್ತಿದ್ದೆ. ಆ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕಿತ್ತು ನಿಮಗೆ? ಬಳಸುವವರಿಗೆ ಕಿರಿಕಿರಿ ಬೇಡವೆಂದು ಸಭೆಯಲ್ಲಿ ಯಾರೋ ಹೇಳಿರಬೇಕು, ನೀವು ತಲೆಯಾಡಿಸಿರಬೇಕು. ಒಬ್ಬ ಮನುಷ್ಯ ಬಿಸಿಲಲ್ಲಿ ಗುಡ್ಡ ಅಲೆದು ಬರೆದ ಎಚ್ಚರಿಕೆಯನ್ನು ಬಚ್ಚಿಟ್ಟುಕೊಂಡು, ಏನೂ ಕಡಿಮೆಯಾಗಿಲ್ಲ ಎಂಬಂತೆ ಹಾಳೆಯನ್ನು ನನ್ನ ಕೈಗಿತ್ತಿರಿ. ಹೊಡಿ ಎಂದವಳು ನಾನೇ. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ, ನಾನೇ ಹೊರುತ್ತೇನೆ. ನಿಮ್ಮ ಪಾಲನ್ನು ಮಾತ್ರ ಹೊರಲಾರೆ.

ವೈದ್ಯರ ಪ್ರತಿ ನೋಡಿಕೊಂಡು ಮೂವತ್ತೇಳು ಕೆಂಪು ಫಲಕಗಳನ್ನು ಕೈಯಿಂದ ಕೆತ್ತಿದೆ. ವಿಷ ಎಂಬ ಮಾತನ್ನು ಕಪ್ಪಿನಲ್ಲೂ ಹಾಕಿದೆ. ಹೊಸ ಪುಸ್ತಕವನ್ನು ಜನ ಬಹಳ ದಿನ ಮುಟ್ಟಲಿಲ್ಲ. ಮೊದಲು ಕೈಚಾಚಿದವಳು ಅಕ್ಕನ ಶಾಲೆಯ ಅಡುಗೆಯಾಕೆ. ಹದಿನಾರನೇ ಪುಟ ತೆರೆದು ಕೆಂಪು ಗೀಟು ನೋಡಿ, ಇಸಿದುಕೊಂಡು ಹೋದಳು.

ನೀವಿನ್ನೂ ಅದನ್ನು ಬರೆದು ಮುಗಿಸಿಲ್ಲವಾದರೆ, ಇವತ್ತೇ ಕೂತು ತಿದ್ದಿ. ಒಂದೊಂದು ಶಾಯಿಯ ಫಲಕವೂ ಯಾರನ್ನೂ ಕೇಳದೆ ತಾನಾಗಿ ತೆರೆಯುವ ಬೇರೆ ಬೇರೆ ಕಡತವಾಗಿ ಉಳಿಯಲಿ. ಕೊಡಲಾಗದಿದ್ದರೆ, ಕೊಡುತ್ತಿಲ್ಲ ಎಂದು ಜೋಡಣೆಯೇ ದೊಡ್ಡ ಅಕ್ಷರದಲ್ಲಿ ಹೇಳಲಿ. ಈಗಾಗಲೇ ಮುಗಿಸಿ ಮಾರಿದ್ದರೆ, ಕೊಂಡವರಿಗೆಲ್ಲ ಹೇಳಿ ಕಳುಹಿಸಿ. ಹಾಗೆ ಮಾಡಿದರೆ ಸಿಟ್ಟು ಬಿಡುತ್ತೇನೆ ಎಂದು ಮಾತು ಕೊಡಲಾರೆ. ನನ್ನ ಅಕ್ಕನಿಗೆ ಐವತ್ತೊಂದು ವರ್ಷವಾಗಿತ್ತು.

ಬನಶಂಕರಿ ಕಳಸದ