ಎರಡು ಕಲೆಗಳ ನಕ್ಷತ್ರ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ನಿನ್ನ ಸಂದೇಶಗಳಿಗೆ ಉತ್ತರಿಸಲು ತಡವಾಯಿತು, ಬೇಜಾರಾಗಬೇಡ. ಕೈಗೆ ಬಿಡುವಿತ್ತು, ಮನಸ್ಸಿಗೆ ಇರಲಿಲ್ಲ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ನಿನ್ನೆ ಫೋನಿನಲ್ಲಿ, "ಸಮ್ಮೇಳನಕ್ಕೆ ಇಬ್ರೂ ಹೋಗಿದ್ರಲ್ಲ, ಒಟ್ಟಿಗೆ ಊಟ ಮಾಡಿದ್ರಾ?" ಎಂದು ಕೇಳಿದಳು. ಹೂಂ ಅಂದೆ. ಅವಳಿಗೆ ಸುಳ್ಳು ಹೇಳುವ ಕೆಲಸವನ್ನೂ ನೀನು ನನ್ನ ತಲೆಗೇ ಕಟ್ಟಿದೆ.

ಹೊಸ ದೂರದರ್ಶಕದ ತಂಡಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡಿದರಂತೆ. ಆ ಜಾಗಕ್ಕೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ಯಾರಿಗೆ ಸಿಕ್ಕರೂ ಮನೆಯಲ್ಲೇ ಉಳಿಯುತ್ತದೆ ಎಂದು ನಗಾಡಿದ್ದೆವು. ನಾನು ನಿಜಕ್ಕೂ ಹಾಗೇ ಅಂದುಕೊಂಡಿದ್ದೆ.

ಸೂರ್ಯನಂಥ ನಕ್ಷತ್ರ ಪ್ರಾಯದಲ್ಲಿ ಗಿರಗಿರನೆ ತಿರುಗುತ್ತದೆ. ಆ ತಿರುಗುವಿಕೆಯೇ ಒಳಗಿನ ಕಾಂತಶಕ್ತಿಯನ್ನು ಕೆರಳಿಸುವುದು: ಮೈತುಂಬ ಕಪ್ಪು ಕಲೆ, ಮಾತೆತ್ತಿದರೆ ಸಿಡಿತ. ವಯಸ್ಸಾದಂತೆ ವೇಗ ಇಳಿಯುತ್ತದೆ, ರಚ್ಚೆಯೂ ಇಳಿಯುತ್ತದೆ. ಕಲೆ ನಮ್ಮ ಕಡೆಗೆ ಬಂದಾಗ ಬೆಳಕು ತುಸು ಮಂಕು. ಒಂದು ಮಂಕಿನಿಂದ ಇನ್ನೊಂದಕ್ಕೆ ಒಂದು ಸುತ್ತು. ಇದನ್ನೆಲ್ಲ ನಿನಗೆ ಕಲಿಸಿದ್ದೇ ನಾನು, ನನ್ನ ಅಡುಗೆಮನೆಯ ಮೇಜಿನ ಮೇಲೆ ಕಿತ್ತಳೆ ಹಣ್ಣು ತಿರುಗಿಸುತ್ತಾ.

ನಾನು ಗಮನಿಸುತ್ತಿದ್ದ ನಕ್ಷತ್ರವೊಂದು ಮಾತ್ರ ವೇಗವಾಗಿ ತಿರುಗಿಯೂ ಶಾಂತವಾಗಿದೆ, ನಿಯಮ ಮುರಿದಿದೆ ಎಂದು ಹಿಗ್ಗಿದ್ದೆ. ಸಮ್ಮೇಳನಕ್ಕೆ ಮುಂಚಿನ ವಾರ ಅದೇ ಮೇಜಿನ ಮುಂದೆ ಕುಳಿತು ಲೆಕ್ಕ ಪೂರ್ತಿ ನೋಡಿ ನೀನು ಹೇಳಿದೆ: "ಎಲ್ಲ ಸರಿ ಇದೆ ಅಕ್ಕಾ, ಕಣ್ಣು ಮುಚ್ಕೊಂಡು ಹೋಗಿ ಮಾತಾಡು."

ಸಮ್ಮೇಳನದಲ್ಲಿ ನನ್ನ ಮಾತು ಮುಗಿದದ್ದೇ ನೀನು ಎದ್ದು ನಿಂತೆ. "ಕಲೆಗಳು ಎದುರುಬದುರು ಎರಡು ಕಡೆ ಇದ್ರೆ ಒಂದೇ ಸುತ್ತಲ್ಲಿ ಎರಡು ಸಲ ಮಂಕಾಗತ್ತಲ್ವಾ? ಅರ್ಧ ಸುತ್ತನ್ನೇ ಪೂರ್ತಿ ಅಂದ್ಕೊಂಡಿದೀರ." ಹೌದು. ಅಂದರೆ ನನ್ನದು ನಿಧಾನವಾಗಿ ತಿರುಗುವ, ಎಲ್ಲ ಮುದಿ ನಕ್ಷತ್ರಗಳ ಹಾಗೆ ತೆಪ್ಪಗಿರುವ ನಕ್ಷತ್ರ. ತಪ್ಪು ನನ್ನದೇ, ತಿದ್ದಿದ್ದಕ್ಕೆ ನೋವಿಲ್ಲ. ಆದರೆ ನನ್ನ ನಂತರದ ನಿನ್ನ ಉಪನ್ಯಾಸದಲ್ಲಿ ಅದೇ ನಕ್ಷತ್ರ ಸರಿಯಾದ ವೇಗದೊಂದಿಗೆ, ಚಂದದ ಚಿತ್ರವಾಗಿ ಪರದೆಯ ಮೇಲೆ ಬಂತು. ಚಹಾದ ಹೊತ್ತಿಗೆ, ಆ ತಂಡಕ್ಕೆ ಮುಖ್ಯಸ್ಥರನ್ನು ಆರಿಸುವ ನಿರ್ದೇಶಕರು, "ಯಾವಾಗ ಕಂಡುಹಿಡಿದ್ರಿ?" ಎಂದರು. "ತಿಂಗಳ ಹಿಂದೆಯೇ ಸರ್," ಎಂದೆ ನೀನು. ನಾನು ನಿನ್ನ ಬೆನ್ನ ಹಿಂದೆಯೇ ಚಹಾದ ಲೋಟ ಹಿಡಿದು ನಿಂತಿದ್ದೆ. ನನ್ನ ಮನೆಯಲ್ಲಿ ಉಂಡು, ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ಬಾವಿಗೆ ತಳ್ಳಿದೆ ಗುಬ್ಬಿ.

ತಂಡವನ್ನು ಚೆನ್ನಾಗಿ ನಡೆಸು. ಬೆಟ್ಟದ ಮೇಲೆ ಕಿವಿ ಮುಚ್ಚಿಕೊ, ನಿನಗೆ ಶೀತ ಬೇಗ. ಒಳ್ಳೆಯದಾಗಲಿ ಎಂದು ಬರೆಯಲು ಕೈ ತಡೆಯಿತು, ಆದರೂ ಬರೆದಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಒಬ್ಬಳು ಮಾತಾಡಿದರೆ ಇನ್ನೊಬ್ಬಳು ಮೊದಲ ಪ್ರಶ್ನೆ ಕೇಳಬೇಕು, ಅದೂ ಸುಲಭದ್ದು, ವೇದಿಕೆಯ ಮೇಲಿದ್ದವಳಿಗೆ ಧೈರ್ಯ ಬರಲಿ ಎಂದು. ನೀನು ಮೊದಲ ಸಲ ವೇದಿಕೆ ಹತ್ತಿ ನಡುಗಿದಾಗಿನಿಂದ ನಮ್ಮದು ಇದೇ ಪದ್ಧತಿ. ಸಮ್ಮೇಳನದ ಫೋಟೋಗಳು ಇವತ್ತು ಬಂದವು. ಒಂದರಲ್ಲಿ ನೀನು ಕೈ ಎತ್ತಿದ್ದೀಯ. ನಾನು ವೇದಿಕೆಯ ಮೇಲಿಂದ ನಿನ್ನನ್ನು ನೋಡಿ ನೆಮ್ಮದಿಯಿಂದ ನಗುತ್ತಿದ್ದೇನೆ.