ಮಧ್ಯಾಹ್ನ ನೀಲಿ, ಮುಂಜಾನೆ ಹಳದಿ

ಅಡುಗೆ ಅನಿಲ ವಿತರಣೆಯ ಜಿಲ್ಲಾ ಅಧಿಕಾರಿಗಳೇ,

ನಮ್ಮ ಮನೆಯ ಗ್ಯಾಸ್ ಒಲೆ ದಿನಾ ಮುಂಜಾನೆ ನನ್ನ ಹೆಂಡತಿ ಲಲಿತಾಬಾಯಿಗೆ ತಲೆ ಸುತ್ತು ತರಿಸುತ್ತಿದೆ. ನಿಮ್ಮ ಕಚೇರಿಯ ಪ್ರಕಾರ ಆ ಒಲೆ ಸರಿಹೋಗಿದೆ. "ತಮ್ಮ ದೂರು ಸಮರ್ಪಕವಾಗಿ ಬಗೆಹರಿದಿದೆ" ಎಂಬ ಸಂದೇಶ ನನ್ನ ಮೊಬೈಲಿಗೆ ಬಂದಾಗ ಲಲಿತಾಬಾಯಿ ಅಡುಗೆಮನೆಯ ಹೊರಗೆ ಗೋಡೆಗೆ ಒರಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಳು. ಸಮರ್ಪಕ ಎಂಬ ಪದವನ್ನು ಅವಳಿಗೆ ಓದಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ಶಾಲಾ ಮಾಸ್ತರ. ಕಮಲಾಪುರದಿಂದ ವರ್ಗವಾಗಿ ಈಗ ಕಲಬುರಗಿಯ ಕೋಟನೂರಿನಲ್ಲಿ ಬಾಡಿಗೆಗೆ ಇದ್ದೇನೆ. ಹೊಸ ಒಲೆ ಕೊಳ್ಳಿ ಎನ್ನುವಿರೇನೋ. ಇದೇ ಹೊಸ ಒಲೆ ಸ್ವಾಮಿ! ಕಮಲಾಪುರ ಬಿಡುವ ಮುಂಚೆ ಅಲ್ಲಿನ ಏಜೆನ್ಸಿಯವರೇ ಗ್ಯಾರಂಟಿ ಸಮೇತ ಕೊಟ್ಟದ್ದು. ಉರಿ ಹಳದಿಯಾಗಿ ಪಾತ್ರೆಗಳ ತಳ ಕಪ್ಪಾಗತೊಡಗಿದಾಗ ಅವರಿಗೆ ಫೋನ್ ಮಾಡಿದೆ. "ನೀವು ಈಗ ಶಹರದಾಗ ಇದ್ದೀರಲ್ರೀ, ಅಲ್ಲೇ ಹೇಳ್ರಿ" ಎಂದರು. ಶಹರದ ಏಜೆನ್ಸಿಗೆ ಹೋದರೆ, "ಒಲಿ ಕಮಲಾಪುರದ್ದು ಅದರೀ, ಕೊಟ್ಟವ್ರನ್ನೇ ಕೇಳ್ರಿ" ಎಂದರು. ಹಾಗಾದರೆ ಈ ಒಲೆ ಯಾವ ಊರಿನದು? ಕಮಲಾಪುರದ ಬಸ್ಸಿನಲ್ಲಿ ಕೂಡಿಸಿ ಅದನ್ನೇ ಕೇಳಬೇಕೇ?

ಕೊನೆಗೆ ನಿಮ್ಮ ಸಹಾಯವಾಣಿಯ ಹುಡುಗಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಬರ್ನರ್ ತೊಳೆದೆ. ತೂತುಗಳನ್ನು ಸೂಜಿಯಿಂದ ಚುಚ್ಚಿದೆ. ಪೈಪ್ ಬದಲಿಸಿದೆ. ರೆಗ್ಯುಲೇಟರ್ ತೆಗೆದು ಮತ್ತೆ ಕೂಡಿಸಿದೆ. ಅಂದು ಸಂಜೆ ಉರಿ ನೀಲಿಯಾಗಿ ಎದ್ದಾಗ ಮನೆಯಲ್ಲಿ ಹಬ್ಬ. ಮರುದಿನ ಮುಂಜಾನೆ ನಾಲ್ಕಾರು ರೊಟ್ಟಿ ಆಗುವಷ್ಟರಲ್ಲಿ ಮತ್ತೆ ಹಳದಿ. ಆಗ ಕೂತು ನೋಡಿದೆ. ಒಲೆಯ ಪಕ್ಕದಲ್ಲೇ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಾಳೆ, ಒಣಹಿಟ್ಟು ಹಾರುತ್ತದೆ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾಳೆ, ಅದೂ ತೊಟ್ಟಿಕ್ಕುತ್ತದೆ. ಬರ್ನರಿನ ಕೆಳಗೆ ಗಾಳಿ ಎಳೆದುಕೊಳ್ಳುವ ಕಿಂಡಿ ಈ ಹಿಟ್ಟನ್ನೂ ಎಳೆದುಕೊಂಡು ಕಟ್ಟಿಕೊಳ್ಳುತ್ತಿದೆ ಎಂದು ನನ್ನ ಅನುಮಾನ. ಈ ಜಿಲ್ಲೆಯಲ್ಲಿ ಒಲೆ ಮಾರುವವರಿಗೆ ಇಲ್ಲಿ ರೊಟ್ಟಿ ಬಡಿಯುತ್ತಾರೆಂಬುದು ಗೊತ್ತಿಲ್ಲವೇ? ಅಥವಾ ನಾವು ಬ್ರೆಡ್ಡಿಗೆ ಜಾಮ್ ಸವರಿಕೊಂಡು ನಿಮಗೆ ಸಹಕರಿಸಬೇಕೇ?

ಮೋಮಿನಪುರದಲ್ಲಿ ಒಲೆ ರಿಪೇರಿ ಮಾಡುವ ಕರೀಂಸಾಬರ ಹತ್ತಿರ ಒಯ್ದೆ. ಒಲೆಯ ತಳದಲ್ಲಿದ್ದ ಕಂಪನಿಯ ಸೀಲ್ ನೋಡಿ ಅವರು ಕೈ ಹಿಂದೆಗೆದರು. "ಇದು ನಾ ಬಿಚ್ಚಂಗಿಲ್ಲ ಸರ್. ನಾಳೆ ಏನರ ಆದ್ರ ನನ್ ಮ್ಯಾಲ ಬರ್ತದ. ಕಂಪ್ನಿಯವ್ರನ್ನೇ ಕರೀರಿ." ಅವರದೇನು ತಪ್ಪು?

ನಿಮ್ಮ ಸಹಾಯವಾಣಿಗೆ ಮತ್ತೆ ದೂರು ಕೊಟ್ಟ ಮೇಲೆ ಅಂತೂ ನಿಮ್ಮ ಮೆಕ್ಯಾನಿಕ್ ಬರುವ ದಿನ ಗೊತ್ತಾಯಿತು. ಅಂದು ಶಾಲೆಗೆ ರಜೆ ಹಾಕಿ ಕಾದೆ. ಆದರೆ ನನ್ನ ಹೆಂಡತಿಯೂ ಕಾಯುತ್ತಿದ್ದಳು, ಅವಳ ರೀತಿಯಲ್ಲಿ. ಅವರು ಬರುವ ಮುಂಚೆಯೇ ಬರ್ನರ್ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕಿಂಡಿಯನ್ನು ಊದಿ, ಒಲೆ ಫಳಫಳ ಹೊಳೆಯುವಂತೆ ಮಾಡಿಬಿಟ್ಟಿದ್ದಳು. ಮೆಕ್ಯಾನಿಕ್ ಮಧ್ಯಾಹ್ನ ಬಂದರು, ಹಚ್ಚಿದರು, ಉರಿ ನೀಲಿ. "ಚಲೋ ಉರ್ಯಾಕತ್ತದಲ್ರೀ ಸರ್!" ಎಂದರು. ರೊಟ್ಟಿ ಮಾಡುವ ಹೊತ್ತಿಗೆ ಬಂದು ನೋಡಿ ಎಂದು ಅಂಗಲಾಚಿದೆ. "ಅಷ್ಟು ಮುಂಜಾನಿ ನಮ್ ಡ್ಯೂಟಿ ಇರಂಗಿಲ್ರೀ." ಅದೇ ಒಲೆಯ ಮೇಲೆ ಮಾಡಿದ ಚಹಾ ಕುಡಿದು, ಚಹಾ ಹೊಗಳಿ, ನಮ್ಮ ದೂರನ್ನು ಮುಗಿಸಿ ಹೋದರು.

ನಾನು ಸಿಟ್ಟಿನಿಂದ, "ಹೆಂಗಿತ್ತೋ ಹಂಗ ಬಿಡಬೇಕಿತ್ತಲ್ಲ, ಲಲಿತಾ" ಎಂದೆ.

"ಹೊರಗಿನ ಮಂದಿ ಮನಿಗಿ ಬರ್ತಾರಂದ್ರ ಹೊಲಸ ಒಲಿ ತೋರಸ್ಲೇನ್ರಿ?" ಎಂದಳು.

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ತಿಳಿಸಿ.

ಆಮೇಲೆ ಒಂದು ಮುಂಜಾನೆ ಅವಳು ಹಂಚಿನ ಮುಂದೆಯೇ ಕುಸಿದಳು. ಪುಣ್ಯಕ್ಕೆ ನಾನು ಮನೆಯಲ್ಲಿದ್ದೆ. ಐವಾನ್-ಎ-ಶಾಹಿ ಬಡಾವಣೆಯ ಡಾಕ್ಟರು ವಿಚಾರಿಸಿ, ಇಕ್ಕಟ್ಟಾದ ಅಡುಗೆಮನೆಯಲ್ಲಿ ಇಂಥ ಹಳದಿ ಉರಿಯ ಗಾಳಿ ವಿಷವಿದ್ದಂತೆ ಎಂದರು. "ಗುಳಿಗಿ ನಾ ಕೊಡ್ತೀನಿ ಮಾಸ್ತರ. ಒಲಿ ಯಾರ್ ಸರಿ ಮಾಡ್ತಾರ?" ನಮ್ಮ ಅಡುಗೆಮನೆಗೆ ಇರುವ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಹೊರಗೆ ಕಟ್ಟಿಗೆ ಒಲೆ ಹೂಡಲು ಮಾಲೀಕರು ಒಪ್ಪುವುದಿಲ್ಲ. ರೊಟ್ಟಿ ಬಿಡು ಎಂದರೆ ಅವಳು ಒಪ್ಪುವುದಿಲ್ಲ. ನನಗೆ ಹೆದರಿಕೆಯಾಗಿದೆ. ಇದನ್ನು ಇನ್ನು ಹೇಗೆ ಬರೆಯಬೇಕೋ ತಿಳಿಯದು.

ಕೇಳುವುದು ಇಷ್ಟೇ. ಒಬ್ಬರನ್ನು ಮುಂಜಾನೆ ಕಳಿಸಿ, ಅವಳು ರೊಟ್ಟಿ ಬಡಿಯುವಾಗ. ರೊಟ್ಟಿ ಬುಟ್ಟಿ ತುಂಬುವವರೆಗೆ ಅವರು ಅಲ್ಲೇ ಕೂತು ಉರಿಯನ್ನು ನೋಡಲಿ, ಸೀಲ್ ಬಿಚ್ಚಲಿ, ಆಗದಿದ್ದರೆ ಒಲೆ ಬದಲಿಸಲಿ. ಒಲೆ ಯಾವ ಊರಿನದೆಂದು ಆಮೇಲೆ ತೀರ್ಮಾನಿಸಿಕೊಳ್ಳಿ.

ಅಲ್ಲಿಯವರೆಗೆ ನಾನು ದಿನಾ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪೇಪರ್ ಓದುವ ನೆಪದಲ್ಲಿ ಕೂರುತ್ತೇನೆ. ನಡುನಡುವೆ ಏನಾದರೊಂದು ಕೇಳುತ್ತಿರುತ್ತೇನೆ: ಪಲ್ಯ ಏನು, ನಳದ ನೀರು ಬಂತೇ, ನಿನ್ನ ತಂಗಿ ಫೋನ್ ಮಾಡಿದ್ದಳೇ. ಅವಳಿಗೆ ರೇಗುತ್ತದೆ. "ಸುಮ್ ಕೂಡ್ರಿ, ಮುಂಜಾನಿಂದ ತಲಿ ತಿನ್ನಾಕತ್ತೀರಿ" ಎಂದು ಬೈಯುತ್ತಾಳೆ. ಬೈಯಲಿ. ಬೈಯುತ್ತಿರುವಷ್ಟು ಹೊತ್ತು ಅವಳಿಗೆ ಎಚ್ಚರವಿದೆ ಎಂದು ನನಗೆ ಗೊತ್ತಾಗುತ್ತದೆ.

ಇಂತಿ,
ಬೇರೇನು ಮಾಡಬೇಕೋ ತೋಚದ
ಅಣವೀರಪ್ಪ ಮಾಸ್ತರ, ಕೋಟನೂರ