ಸತ್ತ ಇಲಿಯ ಮೇಲೆ ಎರಡೇ ಚಿಗಟ

ತಾವರೆಕೆರೆ, ಸಿರಾ ತಾಲ್ಲೂಕು
ಭಾನುವಾರ, ೧೧ನೇ ಫೆಬ್ರವರಿ ೧೯೩೪

ನನ್ನವರ ಪಾದಗಳಿಗೆ ಸರ್ವಮಂಗಳೆಯ ಶರಣಾರ್ಥಿ.

ನಿಮ್ಮ ಕಣ್ಣುರಿ ಈಗ ಹೇಗಿದೆ? ಕುಲುಮೆಯ ಝಳಕ್ಕೆ ಕಣ್ಣು ಕೆಂಪಾಗಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲವೆಂದು ಬರೆದಿದ್ದಿರಿ. ಅಂದಿನಿಂದ ನನಗೆ ಅದೇ ಯೋಚನೆ. ಭದ್ರಾವತಿಯಲ್ಲಿ ನಂದಿಬಟ್ಟಲು ಸಿಕ್ಕೇ ಸಿಗುತ್ತದೆ, ಹೂವನ್ನು ನೀರಲ್ಲಿ ನೆನೆಸಿ ಕಣ್ಣಿನ ಮೇಲಿಟ್ಟುಕೊಂಡು ಮಲಗಿ. ಊಟ ಬಿಡಬೇಡಿ. ನಾವು ಮೂವರೂ ಕ್ಷೇಮ. ಅತ್ತೆಯವರ ಮಂಡಿನೋವು ಇದ್ದಹಾಗೇ ಇದೆ. ಕರಿಬಸಿಗೆ ಮುಂದಿನ ಹಲ್ಲೊಂದು ಬಿದ್ದಿದೆ, ಅಪ್ಪನಿಗೆ ಬರೆಯೆಂದು ಬೆಳಗಿನಿಂದ ಸೆರಗು ಎಳೆಯುತ್ತಿದ್ದಾಳೆ. ಈ ಕಾಗದವನ್ನು ಎರಡು ಸಲ ಶುರು ಮಾಡಿ ಹರಿದಿದ್ದೇನೆ. ಒಂದು ಕಡೆ ಕೂತು ಬರೆಯಲು ಆಗುತ್ತಿಲ್ಲ. ನಾಲ್ಕು ಸಾಲು ಬರೆದರೆ ಎದ್ದು ಹೋಗಿ ಮಗುವಿನ ಕಾಲು, ಕಂಕುಳು, ತೊಡೆಸಂದು ಮುಟ್ಟಿ ನೋಡಿ ಬರುತ್ತೇನೆ. ಅವಳಿಗೆ ಅದು ಕಚಗುಳಿ ಆಟ.

ಸಂಕ್ರಾಂತಿಯ ಹೊತ್ತಿಗೆ ಊರಲ್ಲಿ ಇಲಿ ಸತ್ತು ಬೀಳಲು ಶುರುವಾಗಿ, ಮೂರು ಜನ ತೊಡೆಸಂದಿನಲ್ಲಿ ಪ್ಲೇಗಿನ ಗೆಡ್ಡೆ ಎದ್ದು ತೀರಿಕೊಂಡು, ನಾವೆಲ್ಲ ಊರು ಬಿಟ್ಟು ನಮ್ಮ ರಾಗಿಹೊಲದ ಬೀಳಿನಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ಹಿಂದೆಯೇ ಬರೆದಿದ್ದೆ. ಒಂದು ಸಂಗತಿ ಮಾತ್ರ ಬರೆದಿರಲಿಲ್ಲ. ನಾನೀಗ ಕೆಲಸಕ್ಕೆ ಹೋಗುತ್ತಿದ್ದೇನೆ. ಕೋಪ ಮಾಡಿಕೊಳ್ಳದೆ ಮುಂದೆ ಓದಿ.

ಪ್ಲೇಗು ಇನ್ಸ್‌ಪೆಕ್ಟರು ನಾಗಲಿಂಗಯ್ಯನವರು ಅರಳಿಕಟ್ಟೆಯ ಬಳಿ ಡೇರೆ ಹಾಕಿ ಎಲ್ಲರಿಗೂ ಸೂಜಿ ಹಾಕುತ್ತಿದ್ದರು. ನಾನು ಮಗುವನ್ನು ಕರೆದುಕೊಂಡು ಹೋದಾಗ ಅವರ ಜವಾನ ಮದ್ದಿನಲ್ಲಿ ಮೂರ್ಛೆ ಹೋದ ಇಲಿಯೊಂದನ್ನು ಬಿಳಿಯ ಬೇಸಿನ್ನಿನ ಮೇಲೆ ಹಿಡಿದು, ಚಿಗಟ ಉದುರಿಸಲೆಂದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೇಲಕ್ಕೂ ಕೆಳಕ್ಕೂ ತಿಕ್ಕುತ್ತಿದ್ದ. ಚಿಗಟಗಳೆಲ್ಲ ಬೇಸಿನ್ನಿನ ಆಚೆ ಹಾರಿಹೋಗುತ್ತಿದ್ದವು. "ಅಂಗಲ್ಲ ಕಣಣ್ಣ, ಬಾಲದ ಕಡೆಯಿಂದ ಎದುರುಗೂದಲಿಗೆ ಬಾಚಬೇಕು" ಎಂದುಬಿಟ್ಟೆ. ಊರಿನ ಹೆಣ್ಣುಮಕ್ಕಳ ತಲೆಯ ಹೇನು ತೆಗೆದ ಕೈಯಲ್ಲವೇ ನನ್ನದು! ಗುಡಿಸಲಿನಿಂದ ಹೇನಿನ ಹಣಿಗೆ ತಂದು ಬಾಚಿ ತೋರಿಸಿದೆ. ಎರಡು ದಿನ ಕಳೆಯುವುದರಲ್ಲಿ ಆ ಜವಾನ ಹೆದರಿ ಓಡಿಹೋದ. ಇನ್ಸ್‌ಪೆಕ್ಟರು ಗುಡಿಸಲಿನ ಮುಂದೆ ಬಂದು ನಿಂತು, "ತಾಯಿ, ನಿಮ್ಮ ಕೈ ನನಗೆ ಬೇಕಾಗಿದೆ" ಎಂದರು.

ಅತ್ತೆಯವರು ಕೂಗಾಡಿದರು. "ಲಿಂಗಪೂಜೆ ಮಾಡೋ ಕೈಲಿ ಇಲಿ ಮುಟ್ಟೀಯಾ? ನನ್ನ ಒಲೆ ಹತ್ರ ಬರಬ್ಯಾಡ ಕಣೆ" ಎಂದರು. ನಾನು ಸ್ನಾನ ಮಾಡಿ, ಸೀರೆಯನ್ನು ಕುದಿಯುವ ನೀರಿಗೆ ಹಾಕಿ, ಹೊರಗೆ ಪ್ರತ್ಯೇಕ ಒಲೆ ಹೂಡಿಕೊಂಡೆ. ಹೋಗುವುದನ್ನು ಬಿಡಲಿಲ್ಲ. ಒಂದು ಇಲಿಯ ಮೈಯಲ್ಲಿ ಎಷ್ಟೊಂದು ಜೀವಗಳು ಸಂಸಾರ ಹೂಡಿರುತ್ತವೆ ಗೊತ್ತೇ? ಕಿವಿಯ ಒಳಮಡಿಕೆಯಲ್ಲಿ ಉಣ್ಣೆ, ಕೂದಲಿನ ಬುಡದಲ್ಲಿ ಹೇನು, ಹೊಟ್ಟೆಯ ಕೆಳಗೆ ಹಿಟ್ಟು ಉದುರಿಸಿದಂತೆ ನುಸಿ, ಇವೆಲ್ಲದರ ನಡುವೆ ಓಡಾಡುವ ಚಿಗಟ. ಎಲ್ಲವನ್ನೂ ಎಣಿಸಿ, ಸ್ಪಿರಿಟ್ಟಿನ ಸೀಸೆಗೆ ಹಾಕಿ, ಯಾವ ಹೊಲ, ಯಾವ ಬಿಲ ಎಂದು ಚೀಟಿ ಅಂಟಿಸಬೇಕು. ಇನ್ಸ್‌ಪೆಕ್ಟರು ಭೂತಗನ್ನಡಿಯಲ್ಲಿ ತೋರಿಸಿಕೊಟ್ಟರು. ಬಯಲು ಇಲಿಗಳ ಮೇಲಿನ ಒಂದು ಜಾತಿಯ ಚಿಗಟಕ್ಕೆ ಕತ್ತಿನ ಸುತ್ತ ಬಾಚಣಿಗೆಯ ಹಲ್ಲಿನಂತೆ ಕಪ್ಪು ಮುಳ್ಳಿನ ಸಾಲಿದೆ. ಮನೆ ಇಲಿಯ ಮೇಲಿದ್ದು ಪ್ಲೇಗು ಹರಡುವ ಚಿಗಟಕ್ಕೆ ಅದಿಲ್ಲ, ಕತ್ತು ಬೋಳು.

ಬಯಲು ಇಲಿಗಳನ್ನು ಹಿಡಿದುಕೊಡುತ್ತಿದ್ದವನು ಚಿಕ್ಕಹನುಮಯ್ಯ. ಹುಲ್ಲುಗಾವಲಿನ ಅಂಚಿನಲ್ಲಿ ಹೆಂಡತಿ, ನಾಲ್ಕು ಮಕ್ಕಳೊಂದಿಗೆ ಇದ್ದಾನಲ್ಲ, ಅವನೇ. ಗಡಿಗೆಯಲ್ಲಿ ಹೊಗೆ ಎಬ್ಬಿಸಿ ಬಿಲಕ್ಕೆ ಊದಿ, ಇನ್ನೊಂದು ಬಾಯಲ್ಲಿ ಬಲೆ ಹಿಡಿಯುತ್ತಾನೆ. ಜನವರಿ ಕೊನೆಯ ಬುಧವಾರ ಅವನು ತಂದ ಐದು ಇಲಿಗಳನ್ನು ಬಾಚಿದೆ. ಒಂದೊಂದರ ಮೇಲೂ ಏಳೆಂಟು ಚಿಗಟ. ಕನ್ನಡಿಯಲ್ಲಿ ನೋಡಿದರೆ ಅರ್ಧಕ್ಕರ್ಧ ಬೋಳು ಕತ್ತಿನವು. ಊರಿನ ಇಲಿಯ ಚಿಗಟ ಬಯಲು ಇಲಿಯ ಮೈಗೆ ಹೇಗೆ ಬಂತು? ಇನ್ಸ್‌ಪೆಕ್ಟರು ಮಧುಗಿರಿಗೆ ಹೋಗಿದ್ದರು, ಕೇಳಲು ಯಾರೂ ಇಲ್ಲ. ಸಂಜೆಯ ಮುಂಚೆ ಚಿಕ್ಕಹನುಮಯ್ಯ ಇಕ್ಕಳದಲ್ಲಿ ಇನ್ನೊಂದನ್ನು ಹಿಡಿದು ತಂದ. ಬಾಲದ ತುದಿಯಲ್ಲಿ ಕುಚ್ಚಿರುವ, ಕುಪ್ಪಳಿಸಿ ಓಡುವ ಇಲಿ, ಸತ್ತಿತ್ತು. "ಇದನ್ನ ನಾನು ಇಡೀಲಿಲ್ಲ ಕಣವ್ವ. ತಾನಾಗೇ ಸತ್ತೈತೆ. ನಿಮ್ಮ ಬಣವೆ ಬುಡದಾಗೇ ಬಿದ್ದಿತ್ತು" ಎಂದ.

ಅದರ ಮೈಮೇಲೆ ಎರಡೇ ಚಿಗಟ ಸಿಕ್ಕವು. ಇಲಿಯ ಮೈ ತಣ್ಣಗಾದರೆ ಚಿಗಟ ಅಲ್ಲಿ ನಿಲ್ಲುವುದಿಲ್ಲ, ಬಿಸಿ ರಕ್ತ ಹುಡುಕಿಕೊಂಡು ಹೋಗುತ್ತದೆ. ಹಾಗಾದರೆ ಉಳಿದವು ಎಲ್ಲಿಗೆ ಹೋದವು? ನಮ್ಮ ಬಣವೆಗೂ ಕರಿಬಸಿ ಮಲಗುವ ಚಾಪೆಗೂ ನಾಲ್ಕು ಮಾರು ದೂರವಿಲ್ಲ. ಆ ಇಲಿಯನ್ನು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೇಣ ಮೆತ್ತಿ, ಡೇರೆಯಲ್ಲಿಟ್ಟು, ಗುಡಿಸಲಿನ ಕಡೆ ಓಡುತ್ತ ಬಂದೆ.

ಊರ ಯಜಮಾನ ಚಂದ್ರಶೇಖರಯ್ಯನವರಿಗೆ ಹೇಳಿದೆ. ಈ ಬೀಳಿನ ತುಂಬ ಬಿಲಗಳಿವೆ, ಮೇಲಿನ ಹಾಸುಬಂಡೆಗೆ ಹೋಗೋಣ, ಬಂಡೆಯಲ್ಲಿ ಇಲಿ ಬಿಲ ತೋಡಲಾರದು ಎಂದೆ. "ಮನೆ ಬುಟ್ಟು ಇಲ್ಲಿಗೆ ಬಂದೀವಿ, ಇನ್ನೂ ಎಲ್ಲಿಗೆ ಹೋಗಾನ? ನಾಲ್ಕು ಚಿಗಟ ಎಣಿಸ್ಬುಟ್ರೆ ಡಾಕ್ಟ್ರಾಗ್ಬುಟ್ಯಾ?" ಎಂದರು. ಸುತ್ತ ನಿಂತವರು ನಕ್ಕರು. ಅತ್ತೆಯವರೂ ಗುಡಿಸಲಿನ ಕಂಬ ಹಿಡಿದು ಕೂತರು. "ನಮ್ಮನೆಯೋರು ಹಾಕಿದ ಬಣವೆ, ಅದರ ನೆರಳು ಬುಟ್ಟು ನಾನು ಬಂಡೆ ಮ್ಯಾಲೆ ಒಣಗಲಾ?" ಎಂದು ತೀರಿಹೋದ ಮಾವನವರನ್ನು ನೆನೆದರು. ಮಗುವನ್ನೂ ನನ್ನ ಕೈಗೆ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಬಣವೆಗೆ ಬೆಂಕಿ ಬಿತ್ತು. ಅತ್ತೆಯವರು ಮಗುವಿನ ಜೊತೆ ಕೆರೆಗೆ ಹೋಗಿದ್ದರು, ಹಸುವನ್ನು ಆಗಲೇ ಬಂಡೆಯ ಬಳಿ ಕಟ್ಟಿದ್ದೆ. ಒಣಹುಲ್ಲು, ಗಾಳಿ ಬೇರೆ. ನಮ್ಮ ಗುಡಿಸಲು ಹೋಯಿತು, ಪಕ್ಕದ ಎರಡು ಹೋದವು, ಚಂದ್ರಶೇಖರಯ್ಯನವರದೂ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅಂದೇ ಗುಡಿಸಲುಗಳ ಇಡೀ ಸಾಲು ಬಂಡೆಯ ಮೇಲಕ್ಕೆ ಹೋಯಿತು, ಚಿಕ್ಕಹನುಮಯ್ಯನ ಸಂಸಾರವೂ ಜೊತೆಗೆ ಬಂತು. ಅತ್ತೆಯವರು ಎರಡು ದಿನ ಬೂದಿಯ ಕಡೆಗೇ ನೋಡುತ್ತ ಕೂತಿರುತ್ತಿದ್ದರು.

ಶನಿವಾರ ಬಂದ ಇನ್ಸ್‌ಪೆಕ್ಟರು ಆ ಇಲಿಯನ್ನು ಕೊಯ್ದು, ರಕ್ತವನ್ನು ಗಾಜಿಗೆ ಬಳಿದು ಬೆಂಗಳೂರಿಗೆ ಕಳಿಸಿದರು. ಮೊನ್ನೆ ಶುಕ್ರವಾರ ಉತ್ತರ ಬಂತು. ಪ್ಲೇಗೇ ಅದು. ಓದಿ ಹೇಳಿದಾಗ ಯಾರೂ ನಗಲಿಲ್ಲ. ಬಂಡೆಗೆ ಬಂದ ಮೇಲೆ ಈ ಹತ್ತು ದಿನ ನಮ್ಮ ಸಾಲಿನಲ್ಲಿ ಯಾರಿಗೂ ಜ್ವರ ಬಂದಿಲ್ಲ. ಆದರೂ ನನಗೆ ನೆಮ್ಮದಿ ಇಲ್ಲ. ಬೆಂಕಿಗೆ ಚದುರಿದ ಇಲಿಗಳು ಎಲ್ಲಿಗೆ ಹೋದವೋ ಎಂದು ಇನ್ಸ್‌ಪೆಕ್ಟರೇ ತಲೆ ಕೆರೆದುಕೊಂಡರು. ಕಾಲ ಬಳಿ ಕಾಳು ಬಿದ್ದರೂ ಬೆಚ್ಚುತ್ತೇನೆ.

ನಾಳೆ ಶಿವರಾತ್ರಿ. ಬಂಡೆಯ ಮೇಲೆಯೇ ಪೂಜೆ. ನಿಮ್ಮ ಹೆಸರಿನಲ್ಲಿ ಬಿಲ್ವಪತ್ರೆ ಏರಿಸುತ್ತೇನೆ. ಅತ್ತೆಯವರು ನಿಮಗೆ ಆಶೀರ್ವಾದ ಬರೆಸಿದ್ದಾರೆ. ಕರಿಬಸಿಗೆ ಅಲ್ಲಿಂದಲೇ ಒಂದು ಮುತ್ತು ಬರೆದು ಕಳಿಸಿ. ರಜೆ ಸಿಕ್ಕರೂ ಈಗಲೇ ಬರಬೇಡಿ, ಇಲಿ ಬೀಳುವುದು ನಿಲ್ಲಲಿ.

ನಿಮ್ಮ
ಸರ್ವಮಂಗಳಾ

ಮರೆತ ಮಾತಲ್ಲ, ಬರೆಯಲು ಕೈ ಬಾರದೆ ಉಳಿಸಿಕೊಂಡದ್ದೊಂದಿದೆ. ಇನ್ಸ್‌ಪೆಕ್ಟರು ಸೈಕಲ್ ಹಿಡಿದು ನಿಂತಿದ್ದಾರೆ, ಕಾಗದವನ್ನು ಸಿರಾದಲ್ಲಿ ಟಪಾಲಿಗೆ ಹಾಕುತ್ತಾರೆ. ಬಣವೆ ಸುಟ್ಟದ್ದು ಚಿಕ್ಕಹನುಮಯ್ಯನ ಹೊಗೆಗಡಿಗೆಯ ಕಿಡಿಯಿಂದ ಎಂದು ಎಲ್ಲರೂ ನಂಬಿದ್ದಾರೆ. ಅವನ ಸಂಸಾರ ಬಂಡೆಯ ಮೇಲೆ ಇರಕೂಡದು, ಕೆಳಗಿನ ಬೀಳಿಗೇ ಹೋಗಲಿ ಎಂದು ಯಜಮಾನರು ಈಗತಾನೆ ಹೇಳಿದರಂತೆ, ನಾಳೆ ಬೆಳಗ್ಗೆ ತೀರ್ಮಾನ. ಆ ಬಿಲಗಳ ನಡುವೆ, ಆ ನಾಲ್ಕು ಮಕ್ಕಳು. ಅವನ ಗಡಿಗೆ ಅಂದು ಆರಿತ್ತು. ಬೆಂಕಿ ಇಟ್ಟವಳು ನಾನು. ನಮ್ಮದೊಂದೇ ಸುಡುತ್ತದೆಂದುಕೊಂಡೆ, ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಳೆ ಎಲ್ಲರ ಮುಂದೆ, ಅತ್ತೆಯವರ ಮುಂದೆಯೂ ಹೇಳುತ್ತೇನೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಹೇಳಿಯಾಗಿರುತ್ತದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನೀವು ನನ್ನ ಅಕ್ಷರದಲ್ಲೇ ಓದಬೇಕು. ಬೈಯುವುದಿದ್ದರೆ ಬೈದೇ ಬರೆಯಿರಿ. ಆದರೆ ಬರೆಯಿರಿ.